ಎರಡನೆಯ ಕರೆ

ಲಿಂಕನ್‌ಶೈರ್,
ಮಾರ್ಚ್ 6, 1944

ಪ್ರೀತಿಯ ವಿಲ್ಫ್,

ಮೊದಲು ಒಂದು ಸಲ ಚೆನ್ನಾಗಿ ಬೈದುಬಿಡು, ಆಮೇಲೆ ಓದು. ಮೂರು ವಾರದಿಂದ ನಿನಗೆ ಒಂದು ಸಾಲೂ ಬರೆದಿಲ್ಲ. ನಿನ್ನ ಎರಡು ಕಾಗದಗಳು ಬಂದು ನನ್ನ ಏಪ್ರನ್ನಿನ ಜೇಬಿನಲ್ಲೇ ಕೂತು ಹಂದಿಕೊಬ್ಬಿನ ವಾಸನೆ ಹಿಡಿದಿವೆ. ಸೊಂಟ ಹಿಡಿದುಕೊಂಡಿದೆ ಅಂತ ಬರೆದಿದ್ದೀಯ. ಹಿಡಿಯದೆ ಇನ್ನೇನಾಗುತ್ತದೆ? ನೇಪಲ್ಸ್ ಬಂದರಿನಲ್ಲಿ ಹಡಗಿನ ಸರಕು ಇಳಿಸುವಾಗ ಇಪ್ಪತ್ತರ ಹುಡುಗರ ಮುಂದೆ ಪೌರುಷ ತೋರಿಸಲು ಹೋಗಿರುತ್ತೀಯ. ನಮ್ಮೂರು ಹಲ್‌ನ ಡಾಕಿನಲ್ಲಿ ಅಷ್ಟು ವರ್ಷ ಮೂಟೆ ಹೊತ್ತದ್ದು ಸಾಲದೆಂದು ಸೈನ್ಯ ನಿನ್ನನ್ನು ಅಲ್ಲಿಗೂ ಮೂಟೆ ಹೊರಲಿಕ್ಕೇ ಕಳಿಸಿತಲ್ಲ, ಅದಕ್ಕೆ ನಗಬೇಕೋ ಅಳಬೇಕೋ ಗೊತ್ತಿಲ್ಲ. ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಇಟ್ಟುಕೋ. ನಾಚಿಕೊಳ್ಳಬೇಡ.

ಅಲ್ಲಿ ನಿಂಬೆಹಣ್ಣು ದಾರಿಯಲ್ಲೇ ಬಿದ್ದಿರುತ್ತವೆ ಅಂತ ಬರೆದಿದ್ದೆಯಲ್ಲ, ಅದನ್ನು ಅಡಿಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. ಐವಿ ನಂಬಲೇ ಇಲ್ಲ. ಐವಿ ಅಂದರೆ ನನ್ನ ಕೈಕೆಳಗಿನ ಹುಡುಗಿ, ಗ್ರಿಮ್ಸ್‌ಬಿಯವಳು. ಬಾಯಿ ಜೋರು, ಮನಸ್ಸು ಚಿನ್ನ. "ನಿಮ್ಮ ಯಜಮಾನ್ರು ಚೆನ್ನಾಗಿ ರೈಲು ಬಿಡ್ತಾರೆ ಕಣ್ರೀ. ನಾವು ನಿಂಬೆಹಣ್ಣಿನ ಮುಖ ನೋಡಿ ಮೂರು ವರ್ಷ ಆಯ್ತು, ಅಲ್ಲಿ ಕಾಲಲ್ಲಿ ಒದ್ಕೊಂಡು ಓಡಾಡ್ತಾರಂತೆ!" ಅಂದಳು.

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ನಮ್ಮ ವಾಯುಪಡೆ ಸ್ಟೇಷನ್ನಿನ ಒಬ್ಬ ಮೆಕ್ಯಾನಿಕ್‌ಗೆ ಇಟಲಿಗೆ ವರ್ಗವಾಗಿದೆ. ಅವನ ಕೋಟಿನ ಒಳಜೇಬಿನಲ್ಲಿ ಹೊಲಿದು ಕಳಿಸುತ್ತಿದ್ದೇನೆ. ಇದರಲ್ಲಿರುವುದನ್ನು ಸೆನ್ಸಾರಿನವರು ಓದಿದರೆ ಅರ್ಧ ಕತ್ತರಿಸಿ ಬಿಸಾಡುತ್ತಾರೆ, ನನ್ನನ್ನೂ ಒಳಗೆ ಹಾಕುತ್ತಾರೆ. ಓದಿ ಸುಟ್ಟುಬಿಡು.

ನಿನ್ನ ಬುದ್ಧಿ ನನಗೆ ಗೊತ್ತು, ಈಗಲೇ ಕೊನೆಯ ಹಾಳೆ ತಿರುಗಿಸಿ ನೋಡುತ್ತೀಯ. ಬೇಡ ವಿಲ್ಫ್. ನಮ್ಮ ಕ್ಲಿಫ್ ವಿಷಯ ಹೇಳಬೇಕಾಗಿದೆ. ಒಳ್ಳೆಯದಲ್ಲ. ಆದರೆ ಅದು ನನಗೆ ಹೇಗೆ ಬಂತೋ ಅದೇ ಸಾಲಿನಲ್ಲಿ ಹೇಳುತ್ತೇನೆ, ಬೇರೆ ಥರ ಹೇಳಲು ನನಗೆ ಆಗುವುದಿಲ್ಲ. ನೀನು ನನ್ನ ಪಕ್ಕದಲ್ಲಿ ಕೂತು ಕೇಳುತ್ತಿದ್ದೀಯ ಅಂದುಕೊಂಡು ಬರೆಯುತ್ತಿದ್ದೇನೆ.

ಮೂರು ವಾರದ ಹಿಂದಿನ ಮಂಗಳವಾರ ಕ್ಲಿಫ್ ಸೈಕಲ್ಲಿನಲ್ಲಿ ನಮ್ಮ ಸ್ಟೇಷನ್ನಿಗೆ ಬಂದಿದ್ದ. ಅವನ ಸ್ಟೇಷನ್ ನಮ್ಮದಕ್ಕೆ ಹತ್ತು ಮೈಲಿ ಅಂತ ನಿನಗೆ ಹಿಂದೆಯೇ ಬರೆದಿದ್ದೆ. ಕಿವಿ ಕೆಂಪಗೆ, ಮೂಗು ಕೆಂಪಗೆ, ಹಿಂಬಾಗಿಲಿನಿಂದ ಸೀದಾ ಒಲೆಯ ಹತ್ತಿರ ಬಂದು ನಿಂತ. ಐವಿ ಕೂಡಲೇ ತಲೆಗೂದಲು ಸರಿಮಾಡಿಕೊಂಡಳು, ನಾನು ನೋಡದ ಹಾಗೆ ಇದ್ದೆ. ಎಷ್ಟು ಸೊರಗಿದ್ದ ಅಂದರೆ ಕಾಲರಿನೊಳಗೆ ಎರಡು ಕತ್ತು ಹಿಡಿಸುತ್ತಿತ್ತು. ಆದರೂ ನಗು ಮಾತ್ರ ನಿನ್ನದೇ.

"ಇಪ್ಪತ್ತೊಂಬತ್ತು ಆಯ್ತಮ್ಮ," ಅಂದ. "ಇನ್ನೊಂದೇ."

ಮೂವತ್ತು ಸಲ ಜರ್ಮನಿಯ ಮೇಲೆ ಬಾಂಬು ಹಾಕಿ ಬಂದರೆ ಒಂದು ಸುತ್ತು ಮುಗಿದ ಹಾಗೆ. ಆಮೇಲೆ ರಜ, ರಜ ಮುಗಿದ ಮೇಲೆ ಎಲ್ಲೋ ದೂರದ ಶಾಲೆಯಲ್ಲಿ ಹೊಸಬರಿಗೆ ವೈರ್‌ಲೆಸ್ ಪಾಠ. ಆರು ತಿಂಗಳು ಯಾರೂ ಅವನ ಮೇಲೆ ಗುಂಡು ಹಾರಿಸುವುದಿಲ್ಲ. ಆರು ತಿಂಗಳಲ್ಲಿ ಯುದ್ಧವೇ ಮುಗಿಯಬಹುದು ಅಂತ ನಾನು ಲೆಕ್ಕ ಹಾಕಿಟ್ಟಿದ್ದೆ. ಆ ಮೂವತ್ತನೆಯದಕ್ಕೆ ಮಾತ್ರ ಏನೋ ಗ್ರಹಚಾರ ಹಿಡಿದಿತ್ತು. ಎರಡು ಸಲ ಹೊರಟು, ವಿಮಾನದಲ್ಲಿ ಕೂತು, ಇಂಜಿನ್ ಶುರುಮಾಡಿ ನಿಂತಾಗ ಹವಾಮಾನ ಸರಿಯಿಲ್ಲ ಅಂತ ರದ್ದು ಮಾಡಿದ್ದರು. ಸಜ್ಜಾಗಿ ಹೊರಡುವುದು, ಇಳಿದು ಬಂದು ಮತ್ತೆ ಮಲಗುವುದು. ಅವನ ವಿಮಾನದ ಏಳು ಜನರಲ್ಲಿ ಐವರಿಗೆ ಅದು ಮೂವತ್ತನೆಯದೇ. ಎಲ್ಲರಿಗೂ ಸಾಕುಸಾಕಾಗಿತ್ತು.

ಶುಂಠಿ ಕೇಕು ಮಾಡಿಡುತ್ತೇನೆ ಅಂದೆ. ಸಕ್ಕರೆ ಕೂಡಿಟ್ಟಿದ್ದೆ. ಅವನಿಗೆ ಬಾಯಲ್ಲಿ ನೀರು. "ಭಾನುವಾರ ಹೊತ್ತಿಗೆ ಮುಗ್ದಿರುತ್ತೆ. ಯಾರಿಗೂ ಒಂದು ಚೂರೂ ಕೊಡ್ಬೇಡ. ಈ ಐವಿಗಂತೂ ತೋರಿಸ್ಲೇಬೇಡ," ಅಂದ. ಐವಿ ಒದ್ದೆ ಬಟ್ಟೆಯಲ್ಲಿ ಅವನ ಬೆನ್ನಿಗೆ ಬೀಸಿದಳು.

ಆಮೇಲೆ ಅವಳಿಗೆ ನಮ್ಮ ಹೆಸ್ಲ್ ರಸ್ತೆಯ ಕಥೆ ಹೇಳಲು ಕೂತ. ಸಂಜೆ ಡಾಕಿನ ಹತ್ತಿರ ಆಡಲು ಹೋದರೆ ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಬಾಣಲೆಗೆ ಸೌಟಿನಿಂದ ಬಡಿಯುತ್ತಿದ್ದಳು, ಬೀದಿಯ ಅಷ್ಟೂ ಮಕ್ಕಳಿಗೆ ಮನೆಗೆ ಹೋಗುವ ಹೊತ್ತು ಗೊತ್ತಾಗುತ್ತಿದ್ದದ್ದು ಅದರಿಂದಲೇ ಅಂತ. ನಾನು ಅಂದೆ: "ಪೂರ್ತಿ ಹೇಳು. ಮೊದಲ್ನೇ ಸಲ ಬಡಿದ್ರೆ ಕೇಳಿಸಿದ್ರೂ ಕೇಳಿಸ್ದ ಹಾಗೆ ಇರ್ತಿದ್ದೆ." ಅವನು ಅಂದ: "ಎರಡನೇ ಸಲಕ್ಕೆ ಓಡಿ ಬರ್ತಿದ್ನಲ್ಲಾ! ಮೂರನೇ ಸಲ ಬಡಿಸಿದ್ದೀನಾ ನಾನು ಯಾವತ್ತಾದ್ರೂ?" ನಿಜ ವಿಲ್ಫ್, ಮೂರನೆಯ ಸಲ ಅವನು ಯಾವತ್ತೂ ಬಡಿಸಿಲ್ಲ. ನಿನಗೂ ನೆನಪಿರಬೇಕು.

ಅವನು ಹೊರಟಾಗ ಬೆಳಕಿತ್ತು. ಎರಡು ಜೊತೆ ಕಾಲುಚೀಲ ಕೊಟ್ಟು ಕಳಿಸಿದೆ.

ಗುರುವಾರ ಬೆಳಿಗ್ಗೆ ಪಿಮ್ ಬಂದರು. ನಮ್ಮ ಊಟದ ವಿಭಾಗದ ಅಧಿಕಾರಿ. ಯುದ್ಧಕ್ಕೆ ಮೊದಲು ಯಾವುದೋ ಹೋಟೆಲಿನ ಮ್ಯಾನೇಜರಂತೆ, ಇಲ್ಲಿಯೂ ನಮ್ಮ ಜೊತೆ ಹಾಗೇ ಮಾತು. "ಬ್ಲೆಂಕಿನ್ ಅವರೇ, ಈ ದಿನ ಹಾರುವವರ ಊಟ ಇದೆ. ಇಪ್ಪತ್ತು ವಿಮಾನಕ್ಕೆ. ಕಾಫಿ ಸ್ವಲ್ಪ ಜಾಸ್ತಿ ಇರಲಿ," ಅಂತ ಗೋಡೆ ನೋಡಿಕೊಂಡು ಹೇಳಿದರು. ಎಲ್ಲಿಗೆ ಅಂತ ಅವರು ಹೇಳುವ ಹಾಗಿಲ್ಲ, ನಾವು ಕೇಳುವ ಹಾಗಿಲ್ಲ. ಆದರೆ ಕಾಫಿ ಜಾಸ್ತಿ ಅಂದರೆ ದೂರ ಅಂತ ಪಾತ್ರೆ ತೊಳೆಯುವವರಿಗೂ ಗೊತ್ತು. ಹೊರಗೆ ಪೆಟ್ರೋಲ್ ಟ್ಯಾಂಕರುಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇದ್ದವು. ಗೇಟು ಹಾಕಿದರು, ಟೆಲಿಫೋನು ಕಟ್ಟು ಮಾಡಿದರು. ಅಂಥ ದಿನ ಒಳಗಿನವರು ಹೊರಗೆ ಮಾತಾಡುವ ಹಾಗಿಲ್ಲ. ನಮ್ಮವರು ಹೋದರೆ ಪಕ್ಕದ ಸ್ಟೇಷನ್ನಿನವರೂ ಹೋಗುತ್ತಾರೆ. ಹಾಗಾದರೆ ಕ್ಲಿಫ್‌ಗೆ ಇವತ್ತೇ ಮೂವತ್ತನೆಯದು ಅಂತ ನಾನು ಹಿಟ್ಟು ಕಲಸಲು ಕೈ ಹಾಕಿದೆ. ಕೈ ಕೆಲಸದಲ್ಲಿದ್ದರೆ ಮನಸ್ಸು ತೆಪ್ಪಗಿರುತ್ತದೆ.

ಮಧ್ಯಾಹ್ನ ಹುಡುಗರು ನಕ್ಷೆ ನೋಡಿಕೊಂಡು ಊಟಕ್ಕೆ ಬಂದರು. ಹೊರಡುವ ಮುಂಚೆ ಪ್ರತಿಯೊಬ್ಬನಿಗೂ ನಿಜವಾದ ಮೊಟ್ಟೆ ಒಂದು, ಹಂದಿಮಾಂಸ. ನಾಡಿಗೆಲ್ಲ ಪುಡಿಮೊಟ್ಟೆಯಾದರೆ ಇವರಿಗೆ ಮಾತ್ರ ಚಿಪ್ಪಿನ ಮೊಟ್ಟೆ. ಹೋಗಿ ಬಂದರೆ ಇನ್ನೊಂದು. ಆ ಇನ್ನೊಂದರ ಮೇಲೆ ಇವರ ತಮಾಷೆ. ಒಬ್ಬರ ತಟ್ಟೆ ಒಬ್ಬರು ನೋಡಿ, "ನೀನು ವಾಪಸ್ ಬರ್ದಿದ್ರೆ ನಿನ್ನ ಮೊಟ್ಟೆ ನಂಗೇ ತಾನೆ?" ಅನ್ನುವುದು. ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಸೌಟು ಎಸೆಯಬೇಕು ಅನಿಸಿತ್ತು. ಈಗ ಅರ್ಥವಾಗುತ್ತದೆ, ಹಾಗನ್ನದಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಅವತ್ತು ಹೋರೇಸ್ ಅಂತ ಒಬ್ಬ ಹುಡುಗ ತಟ್ಟೆ ಚಾಚಿ ನಿಂತ. ಕ್ಲಿಫ್ ಮಾಡುವ ಕೆಲಸವೇ ಅವನದೂ, ವೈರ್‌ಲೆಸ್. ಮುಖದಲ್ಲಿ ಇನ್ನೂ ಮೊಡವೆ. ಇಲ್ಲಿ ಹುಡುಗರೆಲ್ಲ ನನ್ನನ್ನು ಅಮ್ಮ ಅಂತಲೇ ಕರೆಯುವುದು. "ಅಮ್ಮಾ, ನಂದು ಹಳದಿ ಒಡೀಬಾರ್ದು. ಒಡೆದ್ರೆ ಅಪಶಕುನ," ಅಂದ.

"ಒಡೆದ್ರೆ ನೀನು ತಿನ್ನಲ್ವೇನೋ?"

"ತಿಂತೀನಿ. ಅಳ್ತಾ ತಿಂತೀನಿ."

ಒಡೆಯಲಿಲ್ಲ ಬಿಡು.

ಸಂಜೆಗೆ ಸ್ವಲ್ಪ ಮುಂಚೆ ಹೊರಟರು. ಆ ನಾಲ್ಕು ಇಂಜಿನ್ನಿನ ದೊಡ್ಡ ವಿಮಾನಗಳು ಬಾಂಬು ಪೆಟ್ರೋಲು ತುಂಬಿಕೊಂಡು ನೆಲ ಬಿಡುವಾಗ ನಮ್ಮ ಕಪಾಟಿನ ಬಟ್ಟಲುಗಳೆಲ್ಲ ಕುಣಿಯುತ್ತವೆ. ನಾವೆಲ್ಲ ರನ್‌ವೇ ತುದಿಯಲ್ಲಿ ನಿಂತು ಕೈ ಬೀಸುವುದು ರೂಢಿ. ಎಂಥ ಚಳಿಯಿದ್ದರೂ ಬಿಡುವುದಿಲ್ಲ. ನಾನು ಸೌಟು ಬೀಸುತ್ತೇನೆ, ಅದನ್ನು ನೋಡದೆ ಹೋದರೆ ಹುಡುಗರಿಗೆ ಸಮಾಧಾನವಿಲ್ಲ. ಪಶ್ಚಿಮದ ಕಡೆಯಿಂದ ಕ್ಲಿಫ್‌ನ ಸ್ಟೇಷನ್ನಿನವರೂ ಮೇಲೇರಿ ಬಂದು ಇವರ ಜೊತೆ ಕೂಡಿಕೊಂಡರು. ಯಾವುದು ಅವನದೋ ಗೊತ್ತಾಗಲಿಲ್ಲ. ಎಲ್ಲಕ್ಕೂ ಬೀಸಿದೆ. ಐವಿ ಅಂದಳು, "ಸಾಕು ಬನ್ನಿ, ತೋಳು ಕಳಚಿ ಬೀಳುತ್ತೆ."

ಆಮೇಲೆ ಕೇಕು ಒಲೆಗಿಟ್ಟೆ. ಅದು ಇನ್ನೂ ಬೇಯುತ್ತಿದೆ, ಹೊರಗೆ ಇಂಜಿನ್ನುಗಳ ಸದ್ದು! ಬೆಳಗಿನ ಜಾವ ಬರಬೇಕಾದವರು ಆಗಲೇ ಬರುತ್ತಿದ್ದಾರೆ. ಐವಿ ಓಡಿ ಹೋಗಿ ಓಡಿ ಬಂದಳು. "ವಾಪಸ್ ಕರೆದ್ರಂತೆ! ಎಲ್ರನ್ನೂ! ಇಡೀ ನಾಡಿನ ಮೇಲೆ ಮಂಜು ಬೀಳ್ತಿದೆ, ರಾತ್ರಿಗೆ ಇಳಿಯೋಕೆ ಜಾಗ ಸಿಗಲ್ಲ ಅಂತ ಸಮುದ್ರದ ಮೇಲಿಂದ್ಲೇ ತಿರುಗ್ಸಿದ್ರಂತೆ!"

ವಿಲ್ಫ್, ಅವತ್ತು ಇಪ್ಪತ್ತಕ್ಕೆ ಇಪ್ಪತ್ತೂ ಇಳಿದವು. ಇಲ್ಲಿಗೆ ಬಂದಾಗಿನಿಂದ ಹೋದಷ್ಟೂ ಬಂದ ದಿನ ನಾನು ನೋಡಿದ್ದು ಅಪರೂಪ. ಹುಡುಗರು ಮೆಸ್ಸಿಗೆ ಬಂದದ್ದು ಶಾಲೆಗೆ ರಜ ಕೊಟ್ಟ ಹಾಗೆ. ಬಾಂಬುಗಳನ್ನು ಸಮುದ್ರಕ್ಕೆ ಹಾಕಿ ಬಂದಿದ್ದರು. "ಮೀನುಗಳ ಮೇಲೆ ಯುದ್ಧ ಸಾರಿದ್ವಿ ಅಮ್ಮಾ," ಅಂತ ಒಬ್ಬ.

ನಾನು ಬಾಣಲೆ ಇಟ್ಟು ಮೊಟ್ಟೆ ಒಡೆಯಲು ಶುರು ಮಾಡಿದೆ. ಪಿಮ್ ಬಂದರು. "ಬ್ಲೆಂಕಿನ್ ಅವರೇ, ಇದು ಲೆಕ್ಕಕ್ಕಿಲ್ಲದ ಹಾರಾಟ. ಶತ್ರುವಿನ ನೆಲ ಮುಟ್ಟಿಲ್ಲ. ಬಂದ ಮೇಲಿನ ಮೊಟ್ಟೆ ಇವರಿಗೆ ಸಿಗೋದಿಲ್ಲ, ನಿಯಮ ಇದೆ."

"ಸಾರ್, ಒಡ್ದಾಗಿದೆ," ಅಂದೆ. "ವಾಪಸ್ ಚಿಪ್ಪಿಗೆ ಸೇರ್ಸೋಕೆ ನಂಗೆ ಬರಲ್ಲ. ಹೋಟ್ಲಲ್ಲಿ ಕಲಿತಿದ್ರೆ ನೀವೇ ಸೇರ್ಸಿ."

ಇಡೀ ಮೆಸ್ಸು ಗೊಳ್ಳೆಂದಿತು. ಪಿಮ್ ಕಿವಿಯವರೆಗೂ ಕೆಂಪಾದರು. ಕೋಟು ಕಳಚಿ, ತೋಳು ಮಡಿಸಿ, ಬ್ರೆಡ್ಡು ಕೊಯ್ಯಲು ನಿಂತರು. ಒಳ್ಳೆಯ ಮನುಷ್ಯ, ಬಾಯಿ ಬಿಟ್ಟು ಹೇಳಲು ಬರುವುದಿಲ್ಲ ಅಷ್ಟೇ.

ಅದೇ ಹೊತ್ತಿಗೆ ನನಗೆ ಲೆಕ್ಕದ ಮಾತು ತಲೆಗೆ ಹೋಯಿತು. ಇವರಿಗೆ ಲೆಕ್ಕಕ್ಕಿಲ್ಲ ಅಂದರೆ ಕ್ಲಿಫ್‌ಗೂ ಲೆಕ್ಕಕ್ಕಿಲ್ಲ. ಮೂವತ್ತನೆಯದು ಮತ್ತೆ ಬಾಕಿ. ಹೋರೇಸ್ ತಟ್ಟೆ ಹಿಡಿದು ಬಂದಾಗ ಕೇಳಿದೆ, "ಪಕ್ಕದ ಸ್ಟೇಷನ್ನಿನವರಿಗೂ ಇದೇ ಕರೆಯೇನೋ?"

"ಎಲ್ರಿಗೂ ಒಂದೇ ಅಮ್ಮಾ. ಅರ್ಧ ಗಂಟೆಗೊಂದ್ಸಲ ವೈರ್‌ಲೆಸ್ ಕಿವಿಗಿಟ್ಕೊಂಡು ಕೇಳ್ಬೇಕಲ್ಲ, ಕೇಳ್ದೆ, ಬಂತು. ಎಷ್ಟು ಚೆನ್ನಾಗಿ ಬಂತು ಅಂದ್ರೆ, ಕಿವುಡನಿಗೂ ಕೇಳ್ಸೋ ಹಾಗೆ!"

ಅವನ ತಟ್ಟೆಗೆ ಎರಡು ಮೊಟ್ಟೆ ಹಾಕಿದೆ. ಖುಷಿಗೆ ಅಂತ ಅವನು ಅಂದುಕೊಂಡ. ಖುಷಿಯೂ ಇತ್ತು, ಸಿಟ್ಟೂ ಇತ್ತು. ಹಾಳಾದ್ದು, ನನ್ನ ಮಗನನ್ನು ಮೂರನೆಯ ಸಲವೂ ಸತಾಯಿಸಿದರಲ್ಲ, ಒಂದೇ ಏಟಿಗೆ ಮುಗಿಸಿ ಕಳಿಸಬಾರದಿತ್ತೇ ಅಂತ ನಾನು ಒಲೆಯ ಮುಂದೆ ನಿಂತು ಗೊಣಗುತ್ತಿದ್ದೆ. ಮಗ ಕ್ಷೇಮವಾಗಿ ತಿರುಗಿ ಬಂದಿದ್ದಾನೆ ಅಂತ ನಾನು ಮುನಿಸಿಕೊಂಡಿದ್ದೆ ವಿಲ್ಫ್. ಕೇಕು ಇಳಿಸಿ ಬಟ್ಟೆ ಮುಚ್ಚಿಟ್ಟೆ.

ಬೆಳಿಗ್ಗೆ ಟೆಲಿಫೋನು ಬಿಟ್ಟರು. ಅವನ ಸ್ಟೇಷನ್ನಿನ ಅಡಿಗೆಮನೆಗೇ ಮಾಡಿದೆ. ಅಲ್ಲಿನ ಅಡಿಗೆಯವಳು ನನ್ನ ದನಿ ಬಲ್ಲವಳು. "ಕ್ಲಿಫ್ ಎದ್ದಿದ್ದರೆ ಕರೀರಿ, ಭಾನುವಾರದ ಕೇಕು ಭಾನುವಾರವೇ ತಿನ್ನೋಕೆ ಹೇಳಿ, ಮೂವತ್ತಕ್ಕೆ ಕಾಯೋದು ಬೇಡ," ಅಂದೆ. "ಅವನ ಮೊಟ್ಟೆ ಯಾರಿಗೂ ಕೊಡ್ಲಿಲ್ಲಮ್ಮ, ಬೆಳಗಿನ ತನಕ ಎತ್ತಿಟ್ಟಿದ್ದೆ," ಅಂದಳು. ಅಳುತ್ತಿದ್ದಳು. ಹಿಂದೆಯೇ ಅಲ್ಲಿನ ಪಾದ್ರಿ ಬಂದು ಫೋನು ಹಿಡಿದರು.

ಅವರ ಸ್ಟೇಷನ್ನಿನಲ್ಲೂ ಎಲ್ಲರೂ ತಿರುಗಿ ಬಂದಿದ್ದರು, ಒಂದು ವಿಮಾನ ಬಿಟ್ಟು. ಆಮೇಲೆ ನಾನು ಹೋಗಿ ಅವನ ಕಮಾಂಡರನ್ನು ಕಂಡೆ. ಕುರ್ಚಿ ಕೊಟ್ಟರು, ಟೀ ತರಿಸಿದರು. ಕರಾವಳಿಯ ರೇಡಾರಿನವರು ನೋಡಿದ್ದರಂತೆ: ಉಳಿದವೆಲ್ಲ ತಿರುಗಿದ ಮೇಲೆ ಒಂದೇ ಒಂದು ನೇರ ಪೂರ್ವಕ್ಕೆ ಹೋಗುತ್ತಲೇ ಇತ್ತಂತೆ, ಕಾಣಿಸದಾಗುವ ತನಕ. "ವೈರ್‌ಲೆಸ್ ಕೆಟ್ಟಿರಬೇಕು ಬ್ಲೆಂಕಿನ್ ಅವರೇ. ಕತ್ತಲಲ್ಲಿ ಅಕ್ಕಪಕ್ಕದವರು ತಿರುಗಿದ್ದು ಇವರಿಗೆ ಕಂಡಿರೋದಿಲ್ಲ. ತಮ್ಮ ಜೊತೆ ಎಲ್ಲರೂ ಇದ್ದಾರೆ ಅಂತಲೇ ಹೋಗಿರ್ತಾರೆ," ಅಂದರು. ಅಷ್ಟು ವಿಮಾನ ಹೋಗಬೇಕಾದ ಕಡೆಗೆ ಒಂಟಿ ವಿಮಾನ ಹೋದರೆ ಏನಾಗುತ್ತದೆ ಅಂತ ಅವರು ಹೇಳಲಿಲ್ಲ.

ನನಗೆ ಬಂದ ತಂತಿಯಲ್ಲಿ ಕಾಣೆಯಾಗಿದ್ದಾನೆ ಅಂತ ಇದೆ. ಸತ್ತಿದ್ದಾನೆ ಅಂತ ಇಲ್ಲ. ಈ ಎರಡಕ್ಕೂ ವ್ಯತ್ಯಾಸ ಇದೆ ವಿಲ್ಫ್, ನೀನು ಅದನ್ನು ಗಟ್ಟಿಯಾಗಿ ಹಿಡಿದುಕೋ. ಪ್ಯಾರಾಶೂಟಿನಲ್ಲಿ ಇಳಿದು ಸೆರೆಸಿಕ್ಕವರ ಹೆಸರು ರೆಡ್‌ಕ್ರಾಸಿನ ಮೂಲಕ ತಿಂಗಳುಗಟ್ಟಲೆ ತಡವಾಗಿ ಬಂದದ್ದಿದೆ. ನಿನಗೆ ಬೇರೆಯವರಿಂದ ತಿಳಿಯಬಾರದು ಅಂತ ನಿನ್ನ ಅಣ್ಣನಿಗೂ ಬರೆಯಬೇಡವೆಂದಿದ್ದೆ. ನಾನೇ ಬರೆಯುತ್ತೇನೆ ಅಂತ ಕೂತಾಗಲೆಲ್ಲ ಪ್ರೀತಿಯ ವಿಲ್ಫ್ ಅನ್ನುವಷ್ಟಕ್ಕೆ ಕೈ ನಿಂತುಬಿಡುತ್ತಿತ್ತು. ಮೂರು ವಾರ ತಡವಾದದ್ದಕ್ಕೆ ಕಾರಣ ಇದೇ, ಬೇರೇನೂ ಅಲ್ಲ. ನೀನು ಇಷ್ಟು ದಿನವಾದರೂ ಮಗ ಇದ್ದಾನೆ ಅಂತ ನಿದ್ದೆ ಮಾಡಲಿ ಅಂತಲೂ ಅನಿಸಿತು.

ನಾನು ಕೆಲಸ ಬಿಟ್ಟಿಲ್ಲ. ಪಿಮ್ ರಜ ಕೊಟ್ಟರು, ಬೇಡವೆಂದೆ. ಮನೆಗೆ ಹೋಗಿ ಅವನ ಹಾಸಿಗೆ ನೋಡುತ್ತ ಕೂರಲೇ? ಮೊಟ್ಟೆ ಮಾತ್ರ ಈಗ ಐವಿ ಹುರಿಯುತ್ತಾಳೆ. ಹೋರೇಸ್ ಬಂದಾಗೆಲ್ಲ ನನ್ನ ಹತ್ತಿರ ಸುಮ್ಮನೆ ಆಲೂಗಡ್ಡೆ ಸುಲಿದು ಹೋಗುತ್ತಾನೆ, ಏನೂ ಕೇಳುವುದಿಲ್ಲ. ಕೇಕು ಇನ್ನೂ ಡಬ್ಬಿಯಲ್ಲಿದೆ. ಶುಂಠಿ ಕೇಕು ಇಟ್ಟಷ್ಟೂ ರುಚಿ ಅಂತ ನಿನ್ನ ಅಮ್ಮ ಹೇಳುತ್ತಿದ್ದರು.

ನೀನು ಅಲ್ಲಿ ಒಬ್ಬನೇ ಇದನ್ನು ಓದಬೇಕಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತದೆ. ಅತ್ತುಬಿಡು, ಹುಡುಗರು ನೋಡಿದರೂ ಪರವಾಗಿಲ್ಲ. ಆಮೇಲೆ ಏನಾದರೂ ತಿನ್ನು. ನಿನ್ನ ಎದೆಗೆ ಒರಗಿ ಒಂದು ಸಲ ಅತ್ತಿದ್ದರೆ ನನಗೂ ಇಷ್ಟು ಭಾರ ಇರುತ್ತಿರಲಿಲ್ಲ. ದೇವರು ನಿನ್ನನ್ನು ಕಾಯಲಿ, ನಮ್ಮ ಮಗ ಎಲ್ಲಿದ್ದರೂ ಅವನಿಗೆ ಬೆಚ್ಚಗೆ ಒಂದು ಮೂಲೆ ಕೊಡಲಿ. ಸೊಂಟ ಜೋಪಾನ.

ನಿನ್ನ
ನೆಲ್

ತಾ.ಕ.: ಇದನ್ನು ಬರೆಯಬಾರದು ಅಂತಿದ್ದೆ. ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಆ ಮಂಗಳವಾರ ಹೊರಡುವಾಗ ಕ್ಲಿಫ್ ಸೈಕಲ್ ಹತ್ತಿ, ಒಂದು ಕಾಲು ನೆಲಕ್ಕೂರಿ, ತಿರುಗಿ ಅಂದ: "ಅಮ್ಮಾ, ಎರಡು ಸಲ ಸತಾಯ್ಸಿದ್ದಾರೆ. ಇನ್ನೊಂದ್ಸಲ ನೆಲ ಬಿಟ್ಟ ಮೇಲೆ, ವಾಪಸ್ ಬನ್ನಿ ಅಂತ ಆ ದೇವ್ರೇ ಕರೆದ್ರೂ ನಮ್ಗೆ ಕೇಳ್ಸಲ್ಲ. ಮುಗಿಸ್ಕೊಂಡೇ ಬರೋದು ಅಂತ ನಾವೆಲ್ಲ ಮಾತಾಡ್ಕೊಂಡಿದ್ದೀವಿ." ನಾನು ನಕ್ಕು, "ಸೌಟು ತರ್ಲಾ?" ಅಂದೆ. "ಸೌಟಾದ್ರೆ ಕೇಳ್ಸುತ್ತೆ," ಅಂದು ಹೋದ. ಇದನ್ನು ಕಮಾಂಡರಿಗೆ ಹೇಳಿಲ್ಲ, ಐವಿಗೆ ಹೇಳಿಲ್ಲ, ಯಾರಿಗೂ ಹೇಳುವುದಿಲ್ಲ. ವೈರ್‌ಲೆಸ್ ಕೆಟ್ಟಿತ್ತು ಅಂತ ಅವರು ಹೇಳಿದರೆ ಹೌದು ಅನ್ನುತ್ತೇನೆ. ನಿನ್ನೆ ಹೋರೇಸ್‌ನನ್ನು ಕೇಳಿದೆ, ಅವತ್ತು ಎಷ್ಟು ಸಲ ಕರೆದರು ಅಂತ. "ಎರಡು ಸಲ ಅಮ್ಮಾ. ಯಾಕೆ?" ಅಂದ. ಸುಮ್ಮನೆ ಕೇಳಿದೆ ಅಂದೆ. ಎರಡನೆಯ ಸಲಕ್ಕೆ ಅವನು ಯಾವತ್ತೂ ಬಂದುಬಿಡುತ್ತಿದ್ದ, ಅಲ್ಲವಾ ವಿಲ್ಫ್? ನೀನೇ ಕಣ್ಣಾರೆ ನೋಡಿದ್ದೀಯ. ವೈರ್‌ಲೆಸ್ ಕೆಟ್ಟಿತ್ತು ಅಂತ ನನಗೆ ಬರೆ. ನಿನ್ನ ಕೈಯಲ್ಲೇ ಬರೆದು ಕಳಿಸು, ನಂಬುತ್ತೇನೆ.